ಹೆಸರು ಹೊಲಿದ ಚೀಲ

ಮಾರ್ಚ್ ತಿಂಗಳು ಹತ್ತಿರ ಬಂದಿತೆಂದರೆ ಶಿಶುವಿಹಾರ ನಡೆಸುವವರಿಗೂ ಅಲ್ಲಿಗೆ ಮಕ್ಕಳನ್ನು ಕಳಿಸುವ ತಾಯಂದಿರಿಗೂ ಒಂದೇ ಯೋಚನೆ. ಎರಡು ಮೂರು ವರ್ಷ ನಮ್ಮ ಕಣ್ಣೆದುರಿನಲ್ಲಿ ಅತ್ತು, ನಕ್ಕು, ಕಿತ್ತಾಡಿ, ಮತ್ತೆ ಒಂದಾಗಿ ಬೆಳೆದ ಮಕ್ಕಳು ಜೂನ್ ತಿಂಗಳಲ್ಲಿ ದೊಡ್ಡ ಶಾಲೆಯ ಮೆಟ್ಟಿಲು ಹತ್ತುತ್ತವೆ. ಅವನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಪದ್ಧತಿಯಲ್ಲ. ಮನೆಗೆ ಬಂದವರಿಗೆ ಒಂದು ಲೋಟ ಪಾನಕವನ್ನಾದರೂ ಕೊಡದೆ ಬೀಳ್ಕೊಡದ ನಾವು ಮಗುವನ್ನು ಹಾಗೆ ಕಳಿಸುವುದುಂಟೆ? ಕೊಡಬೇಕೆಂಬುದೇನೋ ನಿಶ್ಚಯ. ಏನನ್ನು ಕೊಡಬೇಕೆಂಬುದೇ ಪ್ರಶ್ನೆ.

ಈಗ ಪೇಟೆಯಲ್ಲಿ ಇದಕ್ಕೂ ಸಿದ್ಧ ಸಾಮಾನುಗಳಿವೆ. ಐದು ವರ್ಷದ ಮಗುವಿಗೆ ಕರಿಯ ನಿಲುವಂಗಿ ತೊಡಿಸಿ, ತಲೆಗೆ ಚೌಕದ ಟೋಪಿ ಇಟ್ಟು, ಕೈಗೆ ಸುರುಳಿ ಸುತ್ತಿದ ಪ್ರಮಾಣಪತ್ರ ಕೊಟ್ಟು, ಬಿ.ಎ. ಪಾಸಾದವರಂತೆ ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ಮುಂಬಯಿಯ ಬೇಸಗೆಯಲ್ಲಿ ಆ ನಿಲುವಂಗಿಯೊಳಗೆ ಬೆವರುವ ಮಗುವಿನ ಮುಖ ನೋಡಿದವರಿಗೆ ನಗುವೂ ಬರುತ್ತದೆ, ಮರುಕವೂ ಆಗುತ್ತದೆ. ಸಂಜೆಯ ಹೊತ್ತಿಗೆ ನಿಲುವಂಗಿ ಬಾಡಿಗೆಯ ಅಂಗಡಿಗೆ ಹಿಂದಿರುಗುತ್ತದೆ. ಬಂಗಾರದ ಬಣ್ಣದ ಪ್ಲಾಸ್ಟಿಕ್ ಟ್ರೋಫಿ ಕೆಲವು ದಿನ ದೂರದರ್ಶನದ ಪೆಟ್ಟಿಗೆಯ ಪಕ್ಕದಲ್ಲಿ ನಿಂತು, ಮುಂದಿನ ದೀಪಾವಳಿಯ ಗುಡಿಸಾಟದಲ್ಲಿ ಮನೆ ಬಿಡುತ್ತದೆ. ಮೊಬೈಲಿನಲ್ಲಿ ತೆಗೆದ ನೂರಾರು ಚಿತ್ರಗಳ ಗತಿ ಆ ಮೊಬೈಲು ಕೆಡುವವರೆಗೆ.

ನಮ್ಮ ಸಂಘದ ಮಹಿಳಾ ವಿಭಾಗದವರಾದ ನಾವು ಮುಂಬಯಿಯ ಒಂದು ಉಪನಗರದಲ್ಲಿ, ಸಂಘದ ಕೋಣೆಯಲ್ಲಿಯೇ, ಹತ್ತೊಂಬತ್ತು ವರ್ಷಗಳಿಂದ ಚಿಕ್ಕ ಶಿಶುವಿಹಾರವೊಂದನ್ನು ನಡೆಸಿಕೊಂಡು ಬಂದಿದ್ದೇವೆ. ಬೆಳಗಿನ ಮೂರು ಗಂಟೆ ಕಾಲ ಹಾಡು, ಕಥೆ, ಆಟ, ಒಂದಿಷ್ಟು ಅಕ್ಷರ, ಎಲ್ಲವೂ ಕನ್ನಡದಲ್ಲಿ. ವರ್ಷಕ್ಕೆ ಹತ್ತು ಹನ್ನೆರಡು ಮಕ್ಕಳು ನಮ್ಮಿಂದ ಹೊರಡುತ್ತವೆ. ಹೊರಡುವ ಪ್ರತಿ ಮಗುವಿಗೂ ಕೈಯಿಂದ ಮಾಡಿದ ಒಂದು ಕಾಣಿಕೆ ಕೊಡುವುದು ಮೊದಲ ವರ್ಷದಿಂದಲೂ ನಮ್ಮಲ್ಲಿ ನಡೆದು ಬಂದ ಪದ್ಧತಿ. ಬೇರೆ ಊರುಗಳ ಕನ್ನಡ ಬಂಧುಗಳಿಗೂ ಉಪಯೋಗವಾದೀತೆಂದು ಅದರ ವಿಚಾರವನ್ನು ಇಲ್ಲಿ ಹೇಳುತ್ತಿದ್ದೇವೆ.

ಚಿಕ್ಕ ಮಕ್ಕಳ ಶಿಕ್ಷಣಕ್ಕೂ ಉಡುಗೊರೆ ಎಂಬ ಮಾತಿಗೂ ಹಳೆಯ ನಂಟಿದೆ. ಜರ್ಮನಿಯ ಫ್ರೋಬೆಲ್ ಎಂಬ ಶಿಕ್ಷಣತಜ್ಞನು 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದನು. 1840ರಲ್ಲಿ ಅದನ್ನು ‘ಕಿಂಡರ್‌ಗಾರ್ಟನ್’, ಎಂದರೆ ಮಕ್ಕಳ ತೋಟ, ಎಂದು ಕರೆದನು. ಮಕ್ಕಳ ಕೈಗೆ ಅವನು ಕೊಡುತ್ತಿದ್ದ ಆಟದ ಸಾಧನಗಳಿಗೆ ‘ಉಡುಗೊರೆಗಳು’ ಎಂದೇ ಹೆಸರು. ಅವುಗಳಲ್ಲಿ ಮೊದಲನೆಯದು ಉಣ್ಣೆಯ ನೂಲು ಸುತ್ತಿ ಮಾಡಿದ ಮೆತ್ತನೆಯ ಬಣ್ಣದ ಚೆಂಡುಗಳು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕರು 1945ರಲ್ಲಿ ಮುಂಬಯಿಯ ಉತ್ತರಕ್ಕೆ, ಘೋಲವಡ ನಿಲ್ದಾಣದ ಹತ್ತಿರದ ಬೋರ್ಡಿ ಎಂಬ ಹಳ್ಳಿಗೆ ಹೋಗಿ, ಅನುತಾಯಿ ವಾಘ ಅವರ ಜೊತೆಗೂಡಿ ಬಡವರ ಮಕ್ಕಳಿಗಾಗಿ ಬಾಲವಾಡಿ ನಡೆಸಿದರು. ಪರದೇಶದ ಬೆಲೆಬಾಳುವ ಸಾಮಗ್ರಿಯನ್ನು ತರಿಸುವ ಬದಲು ಕಲ್ಲು, ಬೀಜ, ಎಲೆ, ಮಣ್ಣುಗಳಂತಹ ಹಳ್ಳಿಯ ವಸ್ತುಗಳಿಂದಲೇ ಪಾಠದ ಸಾಧನಗಳನ್ನು ಮಾಡಿಕೊಂಡರು. 1962ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತು. ಕೈಗೆ ಸಿಕ್ಕಿದ್ದರಿಂದ ಮಗುವಿಗೆ ಬೇಕಾದ್ದನ್ನು ಮಾಡುವ ದಾರಿಯನ್ನು ಅಂಥವರು ಆಗಲೇ ಹಾಕಿಕೊಟ್ಟಿದ್ದಾರೆ. ನಾವು ಅದರಲ್ಲಿ ನಾಲ್ಕು ಹೆಜ್ಜೆ ಹಾಕುವವರು, ಅಷ್ಟೆ.

ಕಾಣಿಕೆಯನ್ನು ಮಾಡುವ ಮುನ್ನ ಅದು ಯಾರಿಗಾಗಿ ಎಂದು ಕೇಳಿಕೊಳ್ಳಬೇಕು. ಮಗುವಿಗಾಗಿ ಎಂದೇ ಎಲ್ಲರೂ ಹೇಳುತ್ತಾರೆ. ಆದರೆ ಐದು ವರ್ಷದ ಮಗುವಿಗೆ ನೆನಪಿನ ಕಾಣಿಕೆಯ ಅಗತ್ಯವೇ ಇಲ್ಲ. ಅದಕ್ಕೆ ಇವತ್ತು ಆಡಲು ಗೆಳೆಯರು ಬೇಕು, ತಿನ್ನಲು ಒಂದು ಉಂಡೆ ಬೇಕು. ನೆನಪು ಬೇಕಾಗುವುದು ಮುಂದೆ. ದೊಡ್ಡವರಾದ ಮೇಲೆ ಮೂರು ನಾಲ್ಕು ವರ್ಷಕ್ಕೆ ಹಿಂದಿನ ಸಂಗತಿಗಳು ಸಾಮಾನ್ಯವಾಗಿ ಯಾರಿಗೂ ನೆನಪಿನಲ್ಲಿರುವುದಿಲ್ಲ. ಐದು ವರ್ಷದವು ಕೂಡ ತುಣುಕು ತುಣುಕಾಗಿ ಉಳಿಯುತ್ತವೆ. ಆದುದರಿಂದ ನಾವು ಕೊಡುವುದು ಮುಂದೆ ಹದಿನೈದು, ಇಪ್ಪತ್ತು ವರ್ಷದವನಾಗುವ ಹುಡುಗನಿಗೆ, ಹುಡುಗಿಗೆ. ಆತನಕ ಆ ವಸ್ತು ಮನೆಯಲ್ಲಿ ಉಳಿದಿರಬೇಕು. ಮುಂಬಯಿಯ ಒಂದೂವರೆ ಕೋಣೆಯ ಮನೆಯಲ್ಲಿ ಕೆಲಸಕ್ಕೆ ಬಾರದ ವಸ್ತು ಹತ್ತು ವರ್ಷ ಉಳಿಯುವುದು ಸಾಧ್ಯವೆ? ಹೀಗಾಗಿ ನಮ್ಮ ಮೊದಲನೆಯ ನಿಯಮ: ಕಾಣಿಕೆ ಕೆಲಸಕ್ಕೆ ಬರುವಂತಿರಬೇಕು. ಎರಡನೆಯದು: ಅದರಲ್ಲಿ ಮಗುವಿನ ಕೈ ಇರಬೇಕು. ಮೂರನೆಯದು: ಅದರ ಮೇಲೆ ಮಗುವಿನ ಹೆಸರು ಕನ್ನಡದಲ್ಲಿರಬೇಕು.

ಮೂರನೆಯ ನಿಯಮಕ್ಕೆ ಕಾರಣವನ್ನು ಹೊರನಾಡಿನ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿಂದ ಹೋಗುವ ಮಕ್ಕಳಲ್ಲಿ ಹೆಚ್ಚಿನವು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರುತ್ತವೆ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಂತೆ 1ನೆಯ ತರಗತಿಯಿಂದ 10ನೆಯ ತರಗತಿಯವರೆಗೆ ಮರಾಠಿ ಕಲಿಯಬೇಕು. ಕಲಿಯಲಿ, ಅನ್ನ ಕೊಟ್ಟ ನೆಲದ ಭಾಷೆಯನ್ನು ಕಲಿಯುವುದು ಧರ್ಮ, ಲಾಭವೂ ಹೌದು. ಮುಂದೆ ಹಿಂದಿಯೂ ಬರುತ್ತದೆ. ಆ ಪಟ್ಟಿಯಲ್ಲಿ ಕನ್ನಡ ಮಾತ್ರ ಇರುವುದಿಲ್ಲ. ಒಂದು ಕಾಲಕ್ಕೆ ಈ ಊರಿನ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದ ಹುಡುಗರು ರಾತ್ರಿಶಾಲೆಗಳಲ್ಲಿ ಕುಳಿತು ಕನ್ನಡದಲ್ಲಿ ಓದಿ ಮುಂದೆ ಬಂದರು. ಅವರ ಮೊಮ್ಮಕ್ಕಳು ಈಗ ಕನ್ನಡದಲ್ಲಿ ಮಾತನಾಡುತ್ತವೆ, ಬರೆಯಲಾರವು. ಅನೇಕ ಮಕ್ಕಳ ಪಾಲಿಗೆ ಕನ್ನಡದಲ್ಲಿ ತಮ್ಮ ಹೆಸರನ್ನು ಬರೆಯುವ ಕೊನೆಯ ತಿಂಗಳು ಈ ಮಾರ್ಚ್ ತಿಂಗಳೇ ಆದರೂ ಆಗಬಹುದು. ಹಾಗಾಗದಿರಲಿ ಎಂಬುದಕ್ಕಾಗಿಯೇ ನಮ್ಮ ಇಷ್ಟೆಲ್ಲ ಪ್ರಯತ್ನ.

ಇನ್ನು ಕಾಣಿಕೆಯ ವಿಚಾರ. ಅದು ಒಂದು ಬಟ್ಟೆಯ ಚೀಲ. ಸಂಕ್ರಾಂತಿಯ ಎಳ್ಳು ಬೆಲ್ಲ ಹಂಚಿ ಮುಗಿದ ಮರುವಾರದಿಂದಲೇ ಕೆಲಸ ಆರಂಭ. ಪ್ರತಿ ಮಗುವಿನ ಮನೆಯಿಂದ ಒಂದು ಹಳೆಯ ನೂಲಿನ ಸೀರೆಯನ್ನೋ ಪಂಚೆಯನ್ನೋ ತರಿಸುತ್ತೇವೆ. ಅಜ್ಜಿಯ ಸೀರೆಯಾದರೆ ಬಹಳ ಒಳ್ಳೆಯದು. ಹಲವು ಸಲ ಒಗೆದ ನೂಲುಬಟ್ಟೆ ಇನ್ನು ಕುಗ್ಗುವುದಿಲ್ಲ, ಬಣ್ಣ ಬಿಡುವುದಿಲ್ಲ, ಸೂಜಿಗೆ ಮೆತ್ತಗೆ ಒಗ್ಗುತ್ತದೆ. ತೆಳುವಾಗಿದ್ದರೆ ಎರಡು ಪದರ ಮಾಡಿ, ಕೌದಿ ಹೊಲಿಯುವಂತೆ ಉದ್ದಕ್ಕೂ ಸಣ್ಣ ಹೊಲಿಗೆ ಹಾಕಿದರೆ ಗಟ್ಟಿಯಾಗುತ್ತದೆ. ಮೂವತ್ತು ಸೆಂಟಿಮೀಟರ್ ಅಗಲ, ಮೂವತ್ತೈದು ಸೆಂಟಿಮೀಟರ್ ಉದ್ದ. ಒಂದು ಪುಸ್ತಕ, ಒಂದು ಡಬ್ಬಿ ಹಿಡಿಸುವಷ್ಟು. ಹಿಡಿಕೆಗೆ ಸೀರೆಯ ಅಂಚೇ ಸಾಕು.

ಹೆಸರನ್ನು ಹಾಕುವುದರಲ್ಲಿಯೇ ಇದರ ಜೀವವಿದೆ. ಮಗುವಿಗೆ ಒಂದು ದೊಡ್ಡ ಹಾಳೆ, ದಪ್ಪನೆಯ ಪೆನ್ಸಿಲು ಕೊಟ್ಟು ಅದರ ಹೆಸರನ್ನು ಅದರಿಂದಲೇ ಬರೆಸುತ್ತೇವೆ. ಕೊಂಬು ಉದ್ದವಾಗಿ ಪಕ್ಕದ ಅಕ್ಷರಕ್ಕೆ ತಗುಲುತ್ತದೆ. ತಲೆಕಟ್ಟು ಟೋಪಿಯಂತೆ ಒಂದು ಕಡೆ ಜಾರುತ್ತದೆ. ಕೊನೆಯ ಅಕ್ಷರಕ್ಕೆ ಸ್ಥಳ ಸಾಲದೆ ಅದು ಕೆಳಗಿನ ಮೂಲೆಯಲ್ಲಿ ಕುಳಿತುಕೊಳ್ಳುತ್ತದೆ. ಬರೆದುದನ್ನು ಹಾಗೆಯೇ ಬಟ್ಟೆಯ ಮೇಲೆ ಇಳಿಸಿ, ಆ ಗೆರೆಯ ಮೇಲೆಯೇ ನೂಲು ಓಡಿಸುತ್ತೇವೆ. ತಿದ್ದಬಾರದು. ಇದನ್ನು ನಾವು ಪ್ರತಿವರ್ಷವೂ ಹೇಳುತ್ತೇವೆ, ಪ್ರತಿವರ್ಷವೂ ಯಾರಾದರೊಬ್ಬ ತಾಯಿ ಗುಟ್ಟಾಗಿ ತಿದ್ದಲು ನೋಡುತ್ತಾರೆ. ನೇರವಾದ ಅಕ್ಷರವನ್ನು ಯಾರು ಬೇಕಾದರೂ ಹೊಲಿದಾರು. ಅಂಗಡಿಯ ಯಂತ್ರ ಇನ್ನೂ ಚೆನ್ನಾಗಿ ಹೊಲಿದೀತು. ಐದು ವರ್ಷದ ಈ ಮಗು ಈ ಮಾರ್ಚಿಯಲ್ಲಿ ಬರೆದ ಡೊಂಕು ಮತ್ತೊಮ್ಮೆ ಸಿಗುವುದಿಲ್ಲ.

ಯಾವ ಹೊಲಿಗೆ ಎಂಬ ವಿಷಯದಲ್ಲಿ ಆರಂಭದ ವರ್ಷಗಳಲ್ಲಿ ಸ್ವಲ್ಪ ಚರ್ಚೆ ನಡೆಯಿತು. ನಮ್ಮಲ್ಲಿ ಧಾರವಾಡದ ಕಡೆಯ ಒಬ್ಬ ಹಿರಿಯರಿದ್ದಾರೆ. ಎಲ್ಲರಿಗೂ ಅವರು ‘ಅವ್ವ’. ಕಸೂತಿಯಲ್ಲಿ ಅವರ ಕೈ ದೊಡ್ಡದು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕೂ ಬಗೆಯ ಹೊಲಿಗೆಗಳು ಅವರ ಬೆರಳ ತುದಿಯಲ್ಲಿವೆ. ಹೆಸರನ್ನೂ ಕಸೂತಿಯಲ್ಲಿಯೇ ಹಾಕಬಾರದೇಕೆ ಎಂದು ನಾವು ಕೇಳಿದೆವು.

“ಅದು ಆಗೂದಿಲ್ಲವಾ,” ಎಂದರು ಅವ್ವ. “ಕಸೂತಿ ಅಂದ್ರ ಎಳಿ ಎಣಿಸೂ ಕೆಲಸ. ನೆಟ್ಟಗ ಹೋಗತದ, ಅಡ್ಡ ಹೋಗತದ, ಮೂಲಿಗುಂಟ ಹೋಗತದ. ದುಂಡಗ ತಿರಗೂದಿಲ್ಲ. ನಮ್ಮ ಅಕ್ಷರಾ ನೋಡಿದ್ರ ಎಲ್ಲಾ ದುಂಡಗ. ತೇರು, ಗೋಪುರ, ತುಳಸೀಕಟ್ಟಿ ಬೇಕಾದ್ರ ಹಾಕಿ ಕೊಡತೀನಿ. ಹೆಸರಿಗೆ ಸರಪಳಿ ಹೊಲಿಗಿ ಹಾಕ್ರಿ.”

ಅವ್ವನ ಮಾತು ನಿಜ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಗಂಟು ಹಾಕದೆ ಹೊಲಿಯುತ್ತಾರೆ. ಗವಂತಿಯಲ್ಲಿ ಚಿತ್ರವು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣುತ್ತದೆ. ಆ ಲೆಕ್ಕಕ್ಕೆ ನಮ್ಮ ದುಂಡನೆಯ ಲಿಪಿ ಒಗ್ಗುವುದಿಲ್ಲ. ಸರಪಳಿ ಹೊಲಿಗೆಯಾದರೋ ಕೊಂಡಿಗೆ ಕೊಂಡಿ ಸೇರಿಸುತ್ತ ಎತ್ತ ಬೇಕಾದರೂ ಬಳುಕುತ್ತದೆ. ಆರೆಳೆಯ ನೂಲಿನಿಂದ ಮೂರೆಳೆ ತೆಗೆದುಕೊಂಡರೆ ಅಕ್ಷರ ಎದ್ದು ಕಾಣುತ್ತದೆ. ಹೀಗೆ ಅಂಚಿಗೆ ಅವ್ವನ ಕಸೂತಿ, ನಡುವೆ ಮಗುವಿನ ಹೆಸರು ಎಂದು ತೀರ್ಮಾನವಾಯಿತು. ಮಂಗಳೂರಿನ ಕಡೆಯವರು ಅವ್ವನಿಂದ ಕಸೂತಿಯನ್ನೂ, ಅವ್ವ ಅವರಿಂದ ನೀರುದೋಸೆಯನ್ನೂ ಕಲಿತದ್ದು ಇದರ ಮೇಲಿನ ಲಾಭ.

ಆದರೆ ಎಲ್ಲರೂ ಸಂತೋಷದಿಂದಲೇ ಒಪ್ಪಿದರೆಂದು ಹೇಳಿದರೆ ಸುಳ್ಳಾದೀತು. ಕೆಲವು ವರ್ಷಗಳ ಹಿಂದೆ ಒಬ್ಬ ತರುಣ ತಾಯಿ ನೇರವಾಗಿಯೇ ಕೇಳಿದರು. ಅವರು ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದವರು. ಮನೆಯಲ್ಲಿ ತುಳು ಮತ್ತು ಕನ್ನಡ, ಓದು ಬರಹವೆಲ್ಲ ಇಂಗ್ಲಿಷಿನಲ್ಲಿ. “ಅಕ್ಕ, ಈ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿದರೆ ಆಗುವುದಿಲ್ಲವಾ? ಹೊಸ ಶಾಲೆಯಲ್ಲಿ ಇದನ್ನು ಓದುವವರು ಯಾರು? ಚೀಲ ಕಳೆದರೆ ಯಾರದೆಂದು ಹೇಗೆ ಗೊತ್ತಾಗುತ್ತದೆ? ನನಗೇ ಓದಲಿಕ್ಕೆ ಬರುವುದಿಲ್ಲ” ಎಂದರು. ಅವರ ಮಾತಿನಲ್ಲಿ ತಿರಸ್ಕಾರವಿರಲಿಲ್ಲ. ಕೊನೆಯ ಮಾತು ಹೇಳುವಾಗ ದನಿ ಸ್ವಲ್ಪ ತಗ್ಗಿತು.

ಪ್ರಶ್ನೆ ನ್ಯಾಯವಾದದ್ದೇ. ಚೀಲದ ಒಳಮಗ್ಗುಲಿಗೆ ಇಂಗ್ಲಿಷಿನಲ್ಲಿಯೂ ಹೆಸರು ಬರೆಯಬಹುದು ಎಂದೆವು. ಆ ಪದ್ಧತಿ ಅಂದಿನಿಂದ ಎಲ್ಲ ಚೀಲಗಳಿಗೂ ಬಂದಿದೆ. ಹೊರಮಗ್ಗುಲು ಮಾತ್ರ ಕನ್ನಡದ್ದು. “ಓದಲು ಬರದಿದ್ದರೇನಂತೆ? ನಿಮ್ಮ ಮಗಳು ಬರೆದಿದ್ದಾಳೆ. ನೀವು ಅವಳ ಗೆರೆಯ ಮೇಲೆ ಸೂಜಿ ಓಡಿಸಿ” ಎಂದು ಬಟ್ಟೆ, ನೂಲು ಕೈಗಿಟ್ಟೆವು. ಅವರು ಮರುಮಾತಾಡದೆ ತೆಗೆದುಕೊಂಡು ಹೋದರು.

ಮುಂದಿನ ಶನಿವಾರ ಬಂದಾಗ ಎರಡೇ ಅಕ್ಷರ ಮುಗಿದಿತ್ತು. ಮಗುವಿನ ಹೆಸರಿನ ನಡುವೆ ಒಂದು ಒತ್ತಕ್ಷರವಿತ್ತು. ಅದನ್ನು ತೋರಿಸಿ, “ಈ ಕೆಳಗಿನದು ಬೇರೆ ಅಕ್ಷರವಾ, ಮೇಲಿನದರ ಬಾಲವಾ?” ಎಂದು ಕೇಳಿದರು. ನಾವು ಉತ್ತರ ಹೇಳುವುದಕ್ಕೆ ಮೊದಲೇ ಪಕ್ಕದಲ್ಲಿ ನಿಂತಿದ್ದ ಮಗಳು, “ಅದು ಒತ್ತು ಅಮ್ಮ. ಮೇಲಿನದನ್ನು ಅರ್ಧ ಹೇಳಬೇಕು, ಇದನ್ನು ಪೂರ್ತಿ ಹೇಳಬೇಕು” ಎಂದು ಬಿಡಿಸಿ ಹೇಳಿದಳು. ತಾಯಿ ಮಗಳ ಮುಖವನ್ನು ನೋಡಿದರು. ಆ ಶನಿವಾರ ಅವರು ಉಳಿದವರೆಲ್ಲ ಹೋದ ಮೇಲೂ ಕುಳಿತು ಹೊಲಿಯುತ್ತಿದ್ದರು. ಹೆಸರಿನ ನಾಲ್ಕು ಅಕ್ಷರ ಮುಗಿದಾಗ, “ನನ್ನ ಹೆಸರು ಹೇಗೆ ಬರೆಯುವುದು?” ಎಂದು ಕೇಳಿದರು, ನಮ್ಮನ್ನಲ್ಲ, ಮಗಳನ್ನು.

ಅಂದಿನಿಂದ ನಮಗೊಂದು ವಿಷಯ ಮನವರಿಕೆಯಾಗಿದೆ. ಕೈಗೆಲಸದ ಕಾಣಿಕೆ ಪಡೆಯುವವರಿಗೆ ಎಷ್ಟು ಸೇರಿದ್ದೋ ಮಾಡುವವರಿಗೂ ಅಷ್ಟೇ ಸೇರಿದ್ದು. ಅಂಗಡಿಯಿಂದ ತಂದ ವಸ್ತುವಿಗೆ ನಾವು ಹಣ ಕೊಡುತ್ತೇವೆ. ಹೊಲಿದು ಕೊಟ್ಟ ವಸ್ತುವಿಗೆ ನಾಲ್ಕು ಶನಿವಾರ ಕೊಡುತ್ತೇವೆ. ಆ ನಾಲ್ಕು ಶನಿವಾರಗಳಲ್ಲಿ ಒಂದು ಹೆಸರಿನ ಪ್ರತಿಯೊಂದು ತಿರುವೂ ಕೈಗೆ ರೂಢಿಯಾಗುತ್ತದೆ. ಕಣ್ಣು ಮರೆತರೂ ಕೈ ಬೇಗ ಮರೆಯುವುದಿಲ್ಲ. ಆದುದರಿಂದ ಚೀಲಗಳನ್ನು ನಾವೇ ಹೊಲಿದು ಮುಗಿಸುವ ಪದ್ಧತಿಯನ್ನು ಬಿಟ್ಟು, ಹೆಸರನ್ನು ಮಾತ್ರ ಮನೆಯವರೇ ಹಾಕಬೇಕೆಂದು ಮಾಡಿದೆವು. ತಂದೆಯರಿಗೂ ವಿನಾಯಿತಿಯಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ತಂದೆ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಹೊಲಿದು ಮುಗಿಸಿದರು. ಆ ಡಬ್ಬಿಯ ಸಹಪ್ರಯಾಣಿಕರೆಲ್ಲರೂ ಆ ಮಗುವಿನ ಹೆಸರನ್ನು ಕಲಿತರಂತೆ.

ಬರಿಯ ಚೀಲವನ್ನು ಕೊಡಬಾರದಷ್ಟೆ? ಅದರೊಳಗೆ ಎರಡು ವಸ್ತುಗಳನ್ನಿಡುತ್ತೇವೆ. ಒಂದು ಚೌಕಾಬಾರದ ಹಾಸು. ಐದು ಐದಲಿ ಇಪ್ಪತ್ತೈದು ಮನೆ. ನಾಲ್ಕು ಬದಿಗಳ ನಡುಮನೆಗೂ ಒಟ್ಟು ಹಾಸಿನ ನಟ್ಟನಡುವಿನ ಮನೆಗೂ ಅಡ್ಡಗೆರೆಯ ಗುರುತು. ಕರವಸ್ತ್ರದಷ್ಟು ಬಟ್ಟೆಯ ಮೇಲೆ ಗೆರೆಗಳನ್ನು ಹೊಲಿದರೆ ಆಯಿತು. ಜೊತೆಗೆ ನಾಲ್ಕು ಕವಡೆ. ಕವಡೆ ಸಿಗದಿದ್ದರೆ ಹುಣಿಸೆ ಬೀಜವನ್ನು ಎರಡು ಹೋಳು ಮಾಡಿ ನಾಲ್ಕು ಹೋಳುಗಳನ್ನು ಇಡಬಹುದು. ನಾಲ್ವರಿಗೂ ನಾಲ್ಕು ನಾಲ್ಕು ಕಾಯಿಗಳೆಂದು ಬೇರೆ ಬೇರೆ ಬಣ್ಣದ ಹದಿನಾರು ಗುಂಡಿಗಳು. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ಎಂದರೆ ನಾಲ್ಕು. ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂದರೆ ಎಂಟು. ಎರಡಕ್ಕೂ ಮತ್ತೊಂದು ಆಟ.

ಇದನ್ನೇ ಏಕೆ ಆರಿಸಿಕೊಂಡೆವು? ಒಬ್ಬರೇ ಆಡಲಾಗದ ಆಟ ಇದು. ಎದುರಿಗೆ ಇನ್ನೊಬ್ಬರು ಬೇಕು; ಮನೆಯಲ್ಲಿ ಆ ಇನ್ನೊಬ್ಬರು ಬಹುಮಟ್ಟಿಗೆ ಅಜ್ಜಿಯೇ ಆಗಿರುತ್ತಾರೆ. ಅಜ್ಜಿಯೊಡನೆ ಆಡಿದರೆ ಎಣಿಕೆ ಕನ್ನಡದಲ್ಲಿ, ಜಗಳ ಕನ್ನಡದಲ್ಲಿ, ಕಾಯಿ ಹೊಡೆದಾಗಿನ ಕೇಕೆಯೂ ಕನ್ನಡದಲ್ಲಿ. ಪಾಠವೆಂದು ಕೂರಿಸಿದರೆ ಓಡಿಹೋಗುವ ಮಗು ಆಟಕ್ಕೆ ಕರೆದರೆ ತಾನೇ ಬಂದು ಕುಳಿತುಕೊಳ್ಳುತ್ತದೆ.

ಎರಡನೆಯ ವಸ್ತು ಒಂದು ಪುಟ್ಟ ಪುಸ್ತಕ. ಹದಿನಾರು ಪುಟ; ಎಡಗಡೆ ಮಗು ಬರೆದ ಚಿತ್ರ, ಬಲಗಡೆ ಅದರ ಬಗ್ಗೆ ಮಗು ಆಡಿದ ಮಾತು. ಆ ಮಾತನ್ನು ನಾವು ಬರೆಯುತ್ತೇವೆ, ಮಗು ಆಡಿದಂತೆಯೇ. “ಇದು ನಮ್ಮ ಬಿಲ್ಡಿಂಗ್, ಇದರಲ್ಲಿ ಕಾವಳಾ ಕೂತಿದೆ” ಎಂದು ಒಬ್ಬ ಹುಡುಗ ಹೇಳಿದ್ದನು. ಕಾವಳಾ ಎಂದರೆ ಮರಾಠಿಯಲ್ಲಿ ಕಾಗೆ. ಅದನ್ನು ಕಾಗೆಯೆಂದು ತಿದ್ದಲಿಲ್ಲ. ಮುಂಬಯಿಯ ಕನ್ನಡ ಮಗು ಕಾಗೆಯನ್ನು ಹಾಗೆ ಕರೆಯಿತೆಂಬುದೂ ಅದರ ಬಾಲ್ಯದ ಒಂದು ಸಂಗತಿಯೇ. ಮತ್ತೊಬ್ಬಳು ಬರಿಯ ನೀಲಿ ಬಣ್ಣ ಬಳಿದು, “ಇದು ಊರಿಗೆ ಹೋಗುವಾಗ ರೈಲಿನ ಕಿಟಕಿಯಲ್ಲಿ ಬರುವ ರಾತ್ರಿ” ಎಂದಳು. ಅಂತಹ ಮಾತು ದೊಡ್ಡವರ ಬಾಯಲ್ಲಿ ಬರುವುದಿಲ್ಲ. ಆ ಹೊತ್ತಿಗೆ ಬರೆದಿಡದಿದ್ದರೆ ಉಳಿಯುವುದೂ ಇಲ್ಲ.

ಈ ಪುಸ್ತಕ ಬಾಳಬೇಕಾದರೆ ಕೆಲವು ಎಚ್ಚರಿಕೆಗಳು ಅವಶ್ಯ. ವರ್ತಮಾನಪತ್ರಿಕೆಯಂತಹ ಅಗ್ಗದ ಕಾಗದ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಪುಡಿಯಾಗುತ್ತದೆ. ಚಿತ್ರ ಬರೆಯುವ ದಪ್ಪ ಕಾಗದವೇ ಲೇಸು. ಸ್ಕೆಚ್ ಪೆನ್ನಿನ ಬಣ್ಣ ಬೆಳಕಿಗೆ ಮಾಸುತ್ತದೆ. ಪೆನ್ಸಿಲಿನ ಬರಹ ಮಾಸುವುದಿಲ್ಲ. ಪುಟಗಳನ್ನು ಪಿನ್ನು ಹೊಡೆದು ಕೂಡಿಸಬಾರದು. ನಮ್ಮ ಊರಿನ ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ನಡುವೆ ಮೂರು ತೂತು ಮಾಡಿ ದಪ್ಪ ನೂಲಿನಿಂದ ಹೊಲಿಯಬೇಕು. ಅಂಟುಪಟ್ಟಿ ಬೇಡ, ಅದು ಕಂದುಬಣ್ಣದ ಕಲೆ ಬಿಡುತ್ತದೆ. ಮೈದಾ ಹಿಟ್ಟಿನ ಅಂಟು ಜಿರಲೆಗಳಿಗೆ ಆಹ್ವಾನ ಕೊಟ್ಟಂತೆ.

ಪುಸ್ತಕದ ಹೊದಿಕೆಯ ಬಟ್ಟೆಯ ಮೇಲೆ ಮಗುವಿನ ಅಂಗೈಯ ಅಚ್ಚು ಹಾಕುವುದುಂಟು. ಇದಕ್ಕೆ ಅರಿಸಿನ ಕಲಸಿದರೆ ಚೆನ್ನವೆಂದು ಕೆಲವರಿಗೆ ತೋರೀತು. ಅರಿಸಿನಕ್ಕೆ ಸಾಬೂನು ತಗುಲಿದರೆ ಕೆಂಪಾಗುವುದನ್ನೂ ಬಿಸಿಲಿಗೆ ಹಾರಿಹೋಗುವುದನ್ನೂ ಎಲ್ಲ ಗೃಹಿಣಿಯರೂ ಬಲ್ಲರು. ಆರತಿಯ ತಟ್ಟೆಯಲ್ಲಿ ಅದು ಶೋಭಿಸುತ್ತದೆ. ಬಟ್ಟೆಯ ಮೇಲೆ ಹತ್ತು ವರ್ಷ ನಿಲ್ಲುವ ಬಣ್ಣ ಅದಲ್ಲ. ಬಟ್ಟೆಗೆಂದೇ ಮಾರುವ ಬಣ್ಣ ಹಚ್ಚಿ, ಒಂದು ದಿನ ಒಣಗಿಸಿ, ಹಿಂಬದಿಯಿಂದ ಇಸ್ತ್ರಿ ಮಾಡಿದರೆ ನಿಲ್ಲುತ್ತದೆ. ಮತ್ತೊಂದು ಮುಖ್ಯ ಮಾತು: ಗೊಂಬೆಯ ಕಣ್ಣಿಗೂ ಆಟದ ಕಾಯಿಗೂ ಗುಲಗಂಜಿಯನ್ನು ಬಳಸಲೇಬಾರದು. ನೋಡಲು ಅಂದವಾದ ಆ ಕೆಂಪು ಬೀಜದೊಳಗೆ ಕಡುವಿಷವಿದೆ. ಮಗು ಜಗಿದರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ದರೆ ಕವಡೆ, ಗುಂಡಿಗಳನ್ನೂ ಅವರ ಕೈಗೆ ಸಿಗದಂತೆ ಮೇಲೆ ಇಡಬೇಕು.

ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಚೀಲ, ಒಂದೇ ಬಗೆಯ ಹಾಸು, ಅಷ್ಟೇ ಪುಟದ ಪುಸ್ತಕ. ಮೊದಲನೆಯವರು, ಎರಡನೆಯವರು ಎಂಬ ಬಹುಮಾನಗಳಿಲ್ಲ. ಹೋಟೆಲಿನ ಯಜಮಾನರ ಮಗುವೂ ಅದೇ ಹೋಟೆಲಿನಲ್ಲಿ ದುಡಿಯುವವರ ಮಗುವೂ ಒಂದೇ ಚಾಪೆಯ ಮೇಲೆ ಕುಳಿತು ಕಲಿತವು. ಹೊರಡುವ ದಿನ ಮಾತ್ರ ಬೇರೆ ಬೇರೆಯಾಗುವುದು ಸರಿಯಲ್ಲ. ಹಳೆಯ ಸೀರೆಯಲ್ಲಿ ಮಾಡುವುದರ ಒಂದು ಗುಣವೆಂದರೆ ಅಲ್ಲಿ ಸಿರಿವಂತಿಕೆಯನ್ನು ತೋರಿಸಲು ಎಡೆಯೇ ಇಲ್ಲ. ನೂಲು, ಕಾಗದ, ಕವಡೆ, ಬಣ್ಣ ಎಲ್ಲ ಸೇರಿದರೂ ಖರ್ಚು ಪೇಟೆಯ ಒಂದು ಸಾಧಾರಣ ಆಟಿಕೆಯ ಬೆಲೆಗಿಂತ ಕಡಿಮೆ.

ಇಷ್ಟಾಗಿಯೂ ಈ ಚೀಲಗಳು ನಿಜವಾಗಿ ಉಳಿಯುತ್ತವೆಯೆ? ತಿಳಿಯಬೇಕೆಂದು ಕಳೆದ ರಾಜ್ಯೋತ್ಸವದ ಕೂಟಕ್ಕೆ ಹಳೆಯ ಮಕ್ಕಳನ್ನೆಲ್ಲ ಕರೆದು, ಮನೆಯಲ್ಲಿ ಉಳಿದದ್ದನ್ನು ತನ್ನಿರೆಂದು ಕೇಳಿಕೊಂಡೆವು. ಬಂದವರಲ್ಲಿ ಎಲ್ಲರೂ ತಂದರೆಂದಲ್ಲ. ಕೆಲವರ ಚೀಲ ಹರಿದು ಹೋಗಿತ್ತು. ಒಂದು 2005ರ ಜುಲೈ ನೆರೆಯಂತಹುದೇ ಮತ್ತೊಂದು ಮಳೆಯಲ್ಲಿ ಮನೆಯ ಉಳಿದ ಸಾಮಾನುಗಳ ಜೊತೆಗೆ ಕೊಚ್ಚಿಹೋಗಿತ್ತು. ಒಬ್ಬ ಹುಡುಗಿ ತನ್ನ ಚೀಲವನ್ನು ಹುಟ್ಟಿದ ತಮ್ಮನಿಗೆ ತಲೆದಿಂಬು ಮಾಡಿಕೊಟ್ಟಿದ್ದಳು. ಇಂಜಿನಿಯರಿಂಗ್ ಓದುತ್ತಿರುವ ಒಬ್ಬನ ಚೀಲ ಅವನ ಅಜ್ಜಿಯ ಔಷಧದ ಚೀಲವಾಗಿ, ತಳಕ್ಕೆ ತೇಪೆ ಹಾಕಿಸಿಕೊಂಡು, ಬಣ್ಣಗೆಟ್ಟು ಬಂದಿತು. ಅದರ ಮೇಲಿನ ಹೆಸರು ಮಾತ್ರ ಹಾಗೆಯೇ ಇತ್ತು. ಆಸ್ಪತ್ರೆಯಲ್ಲಿ ಅಜ್ಜಿ ಹಾಸಿಗೆಯ ಪಕ್ಕದಲ್ಲಿ ಅದನ್ನು ಇಟ್ಟುಕೊಂಡು, ಬಂದವರಿಗೆಲ್ಲ, “ಇದು ನನ್ನ ಮೊಮ್ಮಗ ಬರೆದದ್ದು” ಎಂದು ತೋರಿಸುತ್ತಿದ್ದರಂತೆ. ಅಜ್ಜಿ ಈಗ ಇಲ್ಲ. ಆ ಹುಡುಗ ಚೀಲವನ್ನು ನಮ್ಮ ಕೈಗೆ ಕೊಟ್ಟು ನೋಡಿಸಿದನೇ ಹೊರತು ಮೇಜಿನ ಮೇಲೆ ಉಳಿದವುಗಳ ಜೊತೆಗೆ ಇಡಲು ಒಪ್ಪಲಿಲ್ಲ.

ದಿಲ್ಲಿಗೆ ವರ್ಗವಾಗಿ ಹೋದ ಒಂದು ಮನೆಯವರು ಬರಲಾಗದೆ ಚಿತ್ರ ಕಳಿಸಿದ್ದರು. ಅವರ ಮಗಳ ಹೆಸರಿನಲ್ಲಿ ‘ಳ’ ಇದೆ. ಅಲ್ಲಿನ ಶಾಲೆಯ ಹಿಂದಿ ಬರಹದಲ್ಲಿ ಆ ಅಕ್ಷರವಿಲ್ಲ. ಹಾಜರಿಯ ಪುಸ್ತಕದಲ್ಲಿ ಅದು ‘ಲ’ ಆಗಿದೆ, ಗೆಳತಿಯರ ಬಾಯಲ್ಲಿಯೂ ‘ಲ’ ಆಗಿದೆ. ಹುಡುಗಿ ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಕನ್ನಡ ಓದುವುದು ಬಹುಮಟ್ಟಿಗೆ ಮರೆತಿದೆಯೆಂದು ತಾಯಿ ಸಂಕಟದಿಂದ ಬರೆದಿದ್ದಾರೆ. ಆದರೆ ಹೊಸ ನೋಟುಪುಸ್ತಕ ತಂದಾಗಲೆಲ್ಲ ಅವಳು ಕಪಾಟಿನಿಂದ ಚೀಲ ತೆಗೆದು, ಅದನ್ನು ನೋಡಿ, ಒಳಪುಟದಲ್ಲಿ ತನ್ನ ಹೆಸರನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಾಳಂತೆ. ‘ಳ’ ಇರುವ ಹೆಸರು. ಐದು ವರ್ಷದಲ್ಲಿ ಬರೆದ ಅದೇ ಡೊಂಕಿನಲ್ಲಿ.

ಒಂದು ಹೆಸರು ಉಳಿದರೆ ಒಂದು ಭಾಷೆ ಉಳಿಯಿತೆಂದು ನಾವು ಹೇಳುವುದಿಲ್ಲ. ಅಷ್ಟು ಸುಲಭವಾಗಿದ್ದರೆ ಸಂಘಗಳೇ ಬೇಕಾಗಿರಲಿಲ್ಲ. ಆದರೆ ನಾಲ್ಕು ಅಕ್ಷರ ಬಲ್ಲವಳಿಗೆ ಐದನೆಯದನ್ನು ಕಲಿಸುವುದು, ಏನೂ ಇಲ್ಲದಲ್ಲಿ ಒಂದನ್ನು ಕಲಿಸುವುದಕ್ಕಿಂತ ಸುಲಭ. ಈ ಬೇಸಗೆಯ ರಜೆಯಲ್ಲಿ ಅವಳು ಮುಂಬಯಿಗೆ ಬರುವವಳಿದ್ದಾಳೆ. ಉಳಿದ ಅಕ್ಷರಗಳನ್ನು ಕಲಿಸುವ ಕೆಲಸವನ್ನು ಅವ್ವ ತಾವಾಗಿಯೇ ವಹಿಸಿಕೊಂಡಿದ್ದಾರೆ.

ಪುಣೆ, ಮದರಾಸು, ಹೈದರಾಬಾದು, ದಿಲ್ಲಿಗಳ ಸೋದರಿಯರೇ, ಶಿಶುವಿಹಾರವಿಲ್ಲದ ಊರಿನಲ್ಲಿಯೂ ಈ ಕೆಲಸ ಮಾಡಬಹುದು. ಮನೆಯಲ್ಲಿ ಐದು ವರ್ಷದ ಮಗುವಿದೆಯೆ? ಕಪಾಟಿನ ತಳದಲ್ಲಿ ಅಜ್ಜಿಯ ಒಂದು ಹಳೆಯ ಸೀರೆಯಿದೆಯೆ? ಮೊದಲು ಒಂದು ಹಾಳೆ, ಒಂದು ಪೆನ್ಸಿಲು ಕೊಟ್ಟು ಮಗುವಿನಿಂದ ಹೆಸರು ಬರೆಸಿರಿ. ಬರೆಯಲು ಬಾರದಿದ್ದರೆ ಕೈಹಿಡಿದು ಬರೆಸಿರಿ. ನಿಮಗೇ ಬಾರದಿದ್ದರೆ ಮಗುವಿನ ಜೊತೆಗೆ ನೀವೂ ಕಲಿಯಿರಿ. ಶಾಲೆಗಳು ತೆರೆಯಲು ಇನ್ನೂ ಸಮಯವಿದೆ. ನಾಲ್ಕು ಶನಿವಾರಗಳು ಸಾಕು. ಸೂಜಿಗೆ ನೂಲು ಪೋಣಿಸಿರಿ. ಮಕ್ಕಳಿಗೆಲ್ಲ ನಮ್ಮ ಆಶೀರ್ವಾದಗಳು.